ಕಂಪನಿಗಳ ಹಣ ಕಿನ್ನಾಳಕ್ಕೂ ಮೋರನಾಳಕ್ಕೂ ತಲುಪಲಿ: ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರೇ,

ಕಂಪನಿಗಳು ಕಾನೂನಿನಂತೆ ಸಮಾಜಕ್ಕೆ ವೆಚ್ಚ ಮಾಡಬೇಕಾದ ಹಣದಲ್ಲಿ (ಸಿಎಸ್‌ಆರ್) ಕಿನ್ನಾಳದ ಮರದ ಗೊಂಬೆಗೂ ಮೋರನಾಳದ ತೊಗಲುಗೊಂಬೆಗೂ ಪಾಲು ಸಿಗಲಿ ಎಂಬುದು ನನ್ನ ಬೇಡಿಕೆ. ಕೊಪ್ಪಳ ಜಿಲ್ಲೆಯ ಉಸ್ತುವಾರಿಯೂ ನಿಮ್ಮ ಬಳಿಯೇ ಇರುವುದರಿಂದ ಈ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ದಾರಿ ನಿಮಗಿಲ್ಲ.

2013ರ ಕಂಪನಿ ಕಾಯ್ದೆಯ 135ನೇ ಕಲಂ ನಿಮಗೆ ಗೊತ್ತೇ ಇದೆ. ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಕಂಡ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕು. ಹಣ ಹೋಗಬಹುದಾದ ಬಾಬತ್ತುಗಳ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆ, ಕರಕುಶಲ ಎರಡೂ ಇವೆ. ಕಾರ್ಖಾನೆ ಇರುವ ಊರಿನ ಸುತ್ತಮುತ್ತಲಿಗೇ ಆದ್ಯತೆ ಎಂದೂ ಕಾಯ್ದೆ ಹೇಳುತ್ತದೆ. ಗಿಣಿಗೇರಿಯ ಆಸುಪಾಸಿನ ಕಬ್ಬಿಣ, ಉಕ್ಕಿನ ಕಾರ್ಖಾನೆಗಳ ಹೊಗೆ ಕುಡಿಯುವವರು ನಾವು. ಆದ್ಯತೆ ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

ಶಾಲಾ ಕೊಠಡಿ, ಕುಡಿಯುವ ನೀರಿನ ಘಟಕಗಳಿಗೆ ಹಣ ಹೋದರೆ ನನ್ನ ತಕರಾರಿಲ್ಲ. ಕಲೆಯ ಸರದಿ ಬಂದಾಗ ಮಾತ್ರ ಉತ್ಸವದ ವೇದಿಕೆ ಮೇಲೊಂದು ಬ್ಯಾನರ್ ಕಟ್ಟಿಸಿದರೆ ಮುಗಿಯಿತು ಎಂಬ ಧೋರಣೆ ಕಾಣುತ್ತದೆ. ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವವನ್ನು ನಿಯಮವೇ ಈ ಲೆಕ್ಕದಿಂದ ಹೊರಗಿಟ್ಟಿದೆ ಎಂಬುದನ್ನು ಸಂಘಟಕರಿಗೂ ಯಾರಾದರೂ ತಿಳಿಸಬೇಕು.

ನಿಜವಾದ ತೊಡಕು ಬೇರೆಡೆ ಇದೆ. 2021ರ ತಿದ್ದುಪಡಿಯ ನಂತರ ಹೊರಗಿನ ಸಂಸ್ಥೆಯ ಮೂಲಕ ಈ ಹಣ ಬಳಸಬೇಕಾದರೆ, ಆ ಸಂಸ್ಥೆಗೆ ಕಂಪನಿ ವ್ಯವಹಾರಗಳ ಸಚಿವಾಲಯದ ನೋಂದಣಿ ಬೇಕು. ಸರ್ಕಾರೇತರ ಟ್ರಸ್ಟ್ ಅಥವಾ ಸಂಘವಾದರೆ ತೆರಿಗೆ ವಿನಾಯಿತಿಯ ಪತ್ರಗಳೂ ಮೂರು ವರ್ಷದ ಅನುಭವದ ದಾಖಲೆಯೂ ಬೇಕು. ಹಗುರವಾದ ಪೊಣಕಿ ಮರ ಕೆತ್ತಿ, ಜೋಡಣೆಯ ಸಂದಿಗೆ ಹುಣಸೆ ಬೀಜದ ಅಂಟು ಕಲಸಿದ ಮಿಶ್ರಣ ತುಂಬಿ, ಒಣಗಿಸಿ, ಬಣ್ಣ ಬಳಿಯುವ ಕಿನ್ನಾಳದ ಚಿತ್ರಗಾರರು ಲೆಕ್ಕಪರಿಶೋಧಕರ ಕಚೇರಿಗೆ ಯಾವಾಗ ಅಲೆಯಬೇಕು? ಇದೇ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ಕಾರ್ಖಾನೆಗಳ ದೊಡ್ಡ ಕ್ಲಸ್ಟರ್ ಎದ್ದಿದೆ. ಗೊಂಬೆಗೆ ಹೆಸರಾದ ಕಿನ್ನಾಳಕ್ಕೂ ಅದಕ್ಕೂ ಒಂದು ನಂಟು ಬೆಳೆಸಬೇಕೆಂದು ಯಾರಿಗೂ ಹೊಳೆಯದಿದ್ದರೆ ಸೋಜಿಗವೇ ಸರಿ.

ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಹೂಮಾಲೆ ಹಿಡಿದು ಹೋದೆವು. ಆಗ ಅವರಿಗೆ ತೊಂಬತ್ತು ದಾಟಿತ್ತು. ತೊಗಲುಗೊಂಬೆಯನ್ನು ಪರದೆಯ ಹಿಂದೆ ಕುಣಿಸುತ್ತಲೇ ಕಥೆ ಹಾಡಲು ಇನ್ನೊಂದು ತಲೆಮಾರು ಸಿದ್ಧವಾಗಬೇಕಾದರೆ, ಕಲಿಯುವ ಹುಡುಗರ ಹೊಟ್ಟೆಪಾಡಿಗೆ ತಿಂಗಳು ತಿಂಗಳು ಏನಾದರೂ ಸಿಗಬೇಕು. ಸನ್ಮಾನದ ಶಾಲಿನಿಂದ ಅದು ಆಗುವುದಿಲ್ಲ.

ನಾನು ಕೇಳುವುದು ನಿಮ್ಮ ಕೈಯಲ್ಲೇ ಇರುವ ಕೆಲಸ. ರಾಜ್ಯ ಸರ್ಕಾರವೇ ಸ್ಥಾಪಿಸಿದ ಟ್ರಸ್ಟ್ ಅಥವಾ ಸೊಸೈಟಿಗೆ ಆ ಮೂರು ವರ್ಷದ ಅನುಭವದ ಷರತ್ತು ಇಲ್ಲ. ಅಂಥದ್ದೊಂದನ್ನು ಜಿಲ್ಲೆಗೆ ಮಾಡಿಕೊಡಿ. ನೋಂದಣಿ, ಲೆಕ್ಕಪತ್ರ, ವರದಿಯ ಹೊರೆಯನ್ನು ಅದು ಹೊರಲಿ. ಹಣ ಯಾರಿಗೆ ಹೋಗಬೇಕೆಂಬ ಸಮಿತಿಯಲ್ಲಿ ಕಲಾವಿದರೇ ಹೆಚ್ಚಿನ ಸಂಖ್ಯೆಯಲ್ಲಿರಲಿ, ಅಧಿಕಾರಿಗಳು ಕಡಿಮೆ ಇರಲಿ. ಖರ್ಚಿನ ಲೆಕ್ಕವನ್ನು ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಗೆ ಕಾರ್ಖಾನೆಗಳ ಪ್ರತಿನಿಧಿಗಳನ್ನೂ ಕರೆಸಿ, ಜಿಲ್ಲೆಯ ಕಲೆಗೆ ಎಷ್ಟು ಕೊಟ್ಟಿರಿ ಎಂದು ಎಲ್ಲರೆದುರು ಕೇಳಿ. ಉತ್ತರವನ್ನು ನಮಗೂ ತಿಳಿಸಿ.

ಇಂತಿ,
ಕೊಪ್ಪಳ ಜಿಲ್ಲೆಯ ಒಬ್ಬ ಬಯಲಾಟ ಪ್ರೇಕ್ಷಕ