ಆರೋಗ್ಯ ಸಚಿವರೇ, ಲ್ಯಾಬಿನ ಹಳೇ ಯಂತ್ರಗಳನ್ನೂ ಒಮ್ಮೆ ನೋಡಿಸಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. 2024ರಲ್ಲಿ ಡೆಂಗಿ ಜೋರಾದಾಗ ಸರ್ಕಾರ ಎನ್‌ಎಸ್1, ಐಜಿಎಂ ಎಂಬ ಎರಡು ಡೆಂಗಿ ಪತ್ತೆ ಪರೀಕ್ಷೆಗಳಿಗೆ ತಲಾ 300 ರೂಪಾಯಿ ದರ ನಿಗದಿ ಮಾಡಿತು. ಬಡವರಿಗೆ ಅನುಕೂಲವಾಯಿತು. ಆದರೆ ಜ್ವರದವರು ಮತ್ತೆ ಮತ್ತೆ ಮಾಡಿಸುವ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಎಣಿಕೆ ಯಾವ ಯಂತ್ರದಿಂದ ಬರುತ್ತಿದೆ ಅಂತ ಯಾರೂ ಕೇಳಲಿಲ್ಲ.

ಸಣ್ಣ ಊರುಗಳಲ್ಲಿ ರಕ್ತಕಣ ಎಣಿಸುವ ಯಂತ್ರ, ಅಂದರೆ ಸೆಲ್ ಕೌಂಟರ್, ಎಷ್ಟೋ ಸಲ ಸೆಕೆಂಡ್ ಹ್ಯಾಂಡ್. ಡೀಲರ್ ಯಂತ್ರವನ್ನು ಹೊರಗಿನಿಂದ ಒರೆಸಿ, ಹೊಸ ಸ್ಟಿಕ್ಕರ್ ಹಚ್ಚಿ ಕೊಡುತ್ತಾನೆ. ಸರ್ವಿಸ್ ದಾಖಲೆ ಇರುವುದಿಲ್ಲ. ಬಿಲ್ಲಿನಲ್ಲಿ ತಯಾರಾದ ವರ್ಷವೂ ಇರುವುದಿಲ್ಲ.

ಈ ಯಂತ್ರ ರಕ್ತಕಣಗಳನ್ನು ತೀರಾ ಸಣ್ಣ ರಂಧ್ರದಲ್ಲಿ ಹಾಯಿಸಿ, ಕರೆಂಟಿನಲ್ಲಾಗುವ ಏರುಪೇರನ್ನು ಎಣಿಸುತ್ತದೆ. ಕಣಗಳಲ್ಲೆಲ್ಲ ಸಣ್ಣದು ಪ್ಲೇಟ್‌ಲೆಟ್. ಹಾಗಾಗಿ ರಂಧ್ರದ ಕೊಳೆ, ದ್ರಾವಣದ ಗುಳ್ಳೆ, ಕೆಟ್ಟ ಅರ್ಥಿಂಗ್ ಎಲ್ಲವೂ ಪ್ಲೇಟ್‌ಲೆಟ್ ಲೆಕ್ಕಕ್ಕೇ ಸೇರಿಬಿಡಬಹುದು. ಅದಕ್ಕೇ ಬೆಳಿಗ್ಗೆ ಮೊದಲು ರಕ್ತ ಹಾಕದೆ ಬರೀ ದ್ರಾವಣದಲ್ಲಿ ಯಂತ್ರ ಓಡಿಸಬೇಕು (ಇದಕ್ಕೆ ಬ್ಲಾಂಕ್ ಅನ್ನುತ್ತೇವೆ). ಸೊನ್ನೆಯ ಹತ್ತಿರ ಬರಬೇಕು. ಒಂದು ಹಳೇ ಯಂತ್ರ ರಕ್ತವೇ ಇಲ್ಲದೆ 20,000 ಪ್ಲೇಟ್‌ಲೆಟ್ ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಪ್ಲೇಟ್‌ಲೆಟ್ ನಿಜವಾಗಿ ಅಪಾಯದ ಮಟ್ಟಕ್ಕೆ, 15,000ಕ್ಕೆ ಇಳಿದಿರುವ ಮಗುವಿನ ರಿಪೋರ್ಟು ಇಂಥ ಯಂತ್ರದಲ್ಲಿ 35,000 ಅಂತ ಬಂದರೆ? ಮನೆಯವರು ‘ನಾಳೆ ನೋಡೋಣ’ ಅಂದುಕೊಂಡು ಊರಿನ ಬಸ್ಸು ಹತ್ತುತ್ತಾರೆ.

ಹಳೇ ಯಂತ್ರ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಚೆನ್ನಾಗಿ ನೋಡಿಕೊಂಡ ಹಳೇ ಯಂತ್ರ ನಂಬಿಕೆಗೆ ಅರ್ಹ. ಅದೂ ಇಲ್ಲದಿದ್ದರೆ ಸಣ್ಣ ಲ್ಯಾಬುಗಳು ಬಾಗಿಲು ಹಾಕಬೇಕಾಗುತ್ತದೆ. ಆದರೆ ತರಕಾರಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೂ ಕಾನೂನು ಮಾಪನ ಇಲಾಖೆ ವರ್ಷಕ್ಕೊಮ್ಮೆ ಮುದ್ರೆ ಒತ್ತುತ್ತದೆ. ರಕ್ತ ಅಳೆಯುವ ಯಂತ್ರಕ್ಕೆ ಅಷ್ಟಾದರೂ ಬೇಕು, ಅಲ್ವಾ?

ದಾರಿ ನಿಮ್ಮ ಕೈಯಲ್ಲೇ ಇದೆ. ಖಾಸಗಿ ಲ್ಯಾಬುಗಳು ಹೇಗಿದ್ದರೂ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಲೇಬೇಕು. ಅಲ್ಲಿಯೇ ಪ್ರತಿ ಯಂತ್ರದ ಸೀರಿಯಲ್ ನಂಬರ್, ತಯಾರಾದ ವರ್ಷ, ಮಾರಿದವರ ಹೆಸರು, ಯಂತ್ರದ ಲೆಕ್ಕ ಸರಿಯಿದೆ ಎಂದು ತೋರಿಸುವ ಕ್ಯಾಲಿಬ್ರೇಷನ್ ಪತ್ರ ಕೇಳಿ. ಬರೀ ಕಾಗದ ಸಾಲದು. ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಬಯೋಕೆಮಿಸ್ಟ್ರಿಗೆ (ಸಕ್ಕರೆ, ಕೊಲೆಸ್ಟ್ರಾಲ್‌ನಂಥ ಪರೀಕ್ಷೆಗಳಿಗೆ) ನಡೆಸುವಂಥ ಹೊರಗಿನ ಗುಣಮಟ್ಟ ಪರೀಕ್ಷೆಯಲ್ಲಿ (ಒಂದೇ ಮಾದರಿಯನ್ನು ಹಲವು ಲ್ಯಾಬುಗಳಿಗೆ ಕಳಿಸಿ ಫಲಿತಾಂಶ ಹೋಲಿಸುವುದು) ರಕ್ತಕಣ ಎಣಿಕೆಗೂ ಲ್ಯಾಬುಗಳು ಪಾಲ್ಗೊಳ್ಳುವುದು ಕಡ್ಡಾಯವಾಗಲಿ. ಸಣ್ಣ ಲ್ಯಾಬುಗಳ ಶುಲ್ಕದಲ್ಲಿ ಸರ್ಕಾರವೂ ಪಾಲು ಕೊಡಲಿ. ಯಂತ್ರದ ವಿವರ ಮುಚ್ಚಿಟ್ಟು ಮಾರುವ ಡೀಲರ್ ಮೇಲೆ ದಂಡ ಬೀಳಲಿ.

ಮುಂದಿನ ಮಳೆಗಾಲಕ್ಕೆ ಮುಂಚೆ ಈ ಆದೇಶ ಹೊರಡಿಸಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್