ಅವತ್ತು ಗಾಡಿ ಪಂಕ್ಚರ್ ಆಗಿರಲಿಲ್ಲ

ದಾವಣಗೆರೆ
ಭಾನುವಾರ ರಾತ್ರಿ

ಪುಟ್ಟಿ,

ಬೆಳಿಗ್ಗೆ ಫೋನಿನಲ್ಲಿ ನೀನು "ಅಪ್ಪಾ, ಎರಡು ತಿಂಗಳಿಂದ ರಾತ್ರಿ ಎರಡರವರೆಗೂ ಗೇಮ್ ಆಡ್ತಿದೀನಿ, ಬಿಡೋಕಾಗ್ತಿಲ್ಲ, ಅಮ್ಮನಿಗೆ ಹೇಳಬೇಡ" ಅಂದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಸಿಟ್ಟು ಅಂದುಕೊಂಡೆಯೇನೋ. ಸಿಟ್ಟಲ್ಲ. ಬೈಯೋ ಯೋಗ್ಯತೆ ನನಗಿಲ್ಲ.

ನೀನು ಏಳನೇ ಕ್ಲಾಸಿನಲ್ಲಿದ್ದಾಗ ಅಂಗಡಿಯಲ್ಲಿ ರಾತ್ರಿ ಹನ್ನೆರಡರವರೆಗೂ ಡಿಟಿಪಿ ಕೆಲಸ ಅಂತಿದ್ದೆನಲ್ಲ, ಅದರಲ್ಲಿ ಮುಕ್ಕಾಲು ಪಾಲು ಸುಳ್ಳು. ಅರ್ಧ ಷಟರ್ ಎಳೆದು ಗೇಮ್ ಆಡ್ತಿದ್ದೆ. ಒಂದು ಲಗ್ನಪತ್ರಿಕೆಯಲ್ಲಿ ಬುಧವಾರ ಹೋಗಿ ಗುರುವಾರ ಆಗಿ, 500 ಕಾರ್ಡು ಕೈಯಿಂದ ದುಡ್ಡು ಹಾಕಿ ಮತ್ತೆ ಪ್ರಿಂಟ್ ಮಾಡಿಸಿಕೊಟ್ಟೆ. ಆ ನಷ್ಟ ಹೋಗಲಿ ಬಿಡು. ಟ್ಯೂಷನ್ ಮುಗಿದ ಮೇಲೆ ಮಳೆಯಲ್ಲಿ ಗೇಟಿನ ಹತ್ತಿರ ನೀನು ಒಂದೂವರೆ ಗಂಟೆ ನಿಂತಿದ್ದು ನೆನಪಿದೆಯಾ? ಗಾಡಿ ಪಂಕ್ಚರ್ ಅಂದಿದ್ದೆ. ಪಂಕ್ಚರ್ ಆಗಿರಲಿಲ್ಲ. ಆನ್‌ಲೈನ್ ಮ್ಯಾಚನ್ನು ಮಧ್ಯದಲ್ಲಿ ನಿಲ್ಲಿಸೋಕೆ ಬರಲ್ಲ, ಎದ್ದು ಹೋದರೆ ಜೊತೆಗಾರರು ಬೈತಾರೆ. ಮುಖ ಕಾಣದ ಯಾರ ಹತ್ತಿರವೋ ಬೈಸಿಕೊಳ್ಳಬಾರದು ಅಂತ ನಿನ್ನನ್ನು ಮಳೆಯಲ್ಲಿ ನೆನೆಸಿದೆ. ಗಾಡಿ ಹತ್ತಿದಾಗ ನಿನ್ನ ಬ್ಯಾಗಿನ ನೀರು ಇಳಿದು ನನ್ನ ಬೆನ್ನೆಲ್ಲ ಒದ್ದೆ. ಮನೆ ಬರೋವರೆಗೂ ಒಂದು ಮಾತಾಡಲಿಲ್ಲ ನೀನು.

ಅವತ್ತೇ ಬಿಟ್ಟೆ ಅಂತ ಬರೆದರೆ ಚೆಂದ ಇರುತ್ತಿತ್ತು. ಬಿಡಲಿಲ್ಲ. ಡಿಲೀಟ್ ಮಾಡೋದು, ಮೂರನೇ ದಿನ ಮತ್ತೆ ಹಾಕಿಕೊಳ್ಳೋದು. ಕೊನೆಗೆ ನಿಮ್ಮಮ್ಮ ಮನೋವೈದ್ಯರ ಹತ್ತಿರ ಕರಕೊಂಡು ಹೋದಳು. ನಾನೇನು ಕುಡುಕನಾ ಅಂತ ದಾರಿಯುದ್ದಕ್ಕೂ ಜಗಳ. ಡಾಕ್ಟರು ನಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ ಅಂದರು. ಆಟದ ಮೇಲೆ ಹಿಡಿತ ತಪ್ಪೋದು, ಊಟ-ಕೆಲಸಕ್ಕಿಂತ ಆಟವೇ ಮುಂದಾಗೋದು, ಹಾಳಾಗೋದು ಕಾಣ್ತಿದ್ದರೂ ಬಿಡದಿರೋದು. ಸಾಮಾನ್ಯವಾಗಿ ಒಂದು ವರ್ಷ ಹೀಗೇ ನಡೆದರೆ ಕಾಯಿಲೆ ಅಂತಾರಂತೆ. ನೀನು ಎರಡೇ ತಿಂಗಳಿಗೆ ಬಾಯಿಬಿಟ್ಟೆ. ನನಗಿಂತ ಜಾಣೆ.

ಪ್ರತಿ ಸಲ ಗೆದ್ದರೆ ಬೇಜಾರಾಗಿ ಎದ್ದುಬಿಡ್ತೀವಿ, ಯಾವಾಗ ಸಿಗುತ್ತೋ ಗೊತ್ತಿಲ್ಲ ಅಂದಾಗಲೇ ಅಂಟಿಕೊಳ್ಳೋದು ಅಂತಲೂ ಹೇಳಿದರು. ನಮ್ಮ ಓಣಿಯಲ್ಲಿ ಓಸಿ ಮಟ್ಕಾ ಬರೆಸಿ ಮುಳುಗಿದವರದ್ದೂ ಇದೇ ಕಥೆ ತಾನೆ.

ಗಟ್ಟಿ ಮನಸ್ಸು ಮಾಡಿದ ಅಂತ ನಿಮ್ಮ ದೊಡ್ಡಪ್ಪ ಈಗಲೂ ನನ್ನನ್ನು ಹೊಗಳ್ತಾನೆ. ಎಲ್ಲಿಯ ಗಟ್ಟಿ! ರಾತ್ರಿ ಒಂಬತ್ತು ಗಂಟೆಯಿಂದ ತಪ್ಪಿಸಿಕೊಂಡೆ, ಅಷ್ಟೇ. ಎಂಟಕ್ಕೇ ಷಟರ್ ಎಳೆದು ಬೀಗದ ಕೈ ಅಮ್ಮನ ಕೈಗೆ ಕೊಡ್ತಿದ್ದೆ. ಮೊದಲ ಎರಡು ವಾರ ನಿದ್ದೆಯಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೂ ರೇಗ್ತಿದ್ದೆ. ಊಟಕ್ಕೆ ಕೂತರೆ ತೋರುಬೆರಳು ತಟ್ಟೆಯ ಅಂಚಿನ ಮೇಲೆ ಟಕಟಕ ಅಂತ ಮೌಸ್ ಒತ್ತುತ್ತಿತ್ತು, ನೋಡಿ ನಕ್ಕಿದ್ದವಳು ನೀನೇ. ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಶುರು ಮಾಡಿದ್ದೂ ಆರೋಗ್ಯಕ್ಕಲ್ಲ. ಐದಕ್ಕೆ ಎದ್ದರೆ ರಾತ್ರಿ ಕಣ್ಣು ತಾನಾಗಿ ಮುಚ್ಚುತ್ತೆ. ದುಗ್ಗಮ್ಮನ ಜಾತ್ರೆ ರಜೆಯಲ್ಲಿ ಒಂದು ರಾತ್ರಿ ಮತ್ತೆ ಜಾರಿದೆ. ಮಾರನೇ ದಿನ ಅಮ್ಮನಿಗೆ ಹೇಳಿಬಿಟ್ಟೆ. ಹೇಳಿದ್ದಕ್ಕೇ ಎರಡನೇ ರಾತ್ರಿ ಆಡಲಿಲ್ಲ.

ಹಾಗಾಗಿ ಅಮ್ಮನಿಗೆ ಹೇಳಬೇಡ ಅನ್ನೋ ನಿನ್ನ ಮಾತೊಂದನ್ನು ಒಪ್ಪೋಕಾಗಲ್ಲ. ನೀನೇ ಹೇಳು, ನಾನು ಪಕ್ಕದಲ್ಲಿರ್ತೀನಿ. ಬೆಂಗಳೂರಲ್ಲೇ ನಿಮ್ಹಾನ್ಸ್‌ನವರ 'ಶಟ್' ಕ್ಲಿನಿಕ್ 2014ರಿಂದ ಇದೆ, ಇಂಥದ್ದಕ್ಕೇ. ಹೋಗೋಕೆ ಸಂಕೋಚ ಅನಿಸಿದರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಶುಕ್ರವಾರ ಬಸ್ಸು ಹತ್ತಿದ ತಕ್ಷಣ ಫೋನ್ ಮಾಡು, ಸ್ಟ್ಯಾಂಡಿಗೆ ಮೊದಲೇ ಬಂದು ನಿಂತಿರ್ತೀನಿ. ಲ್ಯಾಪ್‌ಟಾಪ್ ತರೋದಾದರೆ ತಾ. ಆ ಗೇಮ್ ಯಾವುದು ಅಂತ ಮಾತ್ರ ನನಗೆ ತೋರಿಸಬೇಡ.

ನಿನ್ನ ಅಪ್ಪ