ಕಾರವಾರದ ದ್ವೀಪಗಳಿಗೆ ಹೊರಡುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ಶಾಲೆಯ ಇಪ್ಪತ್ತು ಮಕ್ಕಳನ್ನು ಡಿಸೆಂಬರಿನಲ್ಲಿ ಕಾರವಾರಕ್ಕೆ ಕರೆತರುತ್ತೇನೆ, ಡಾಲ್ಫಿನ್ನೂ ನೋಡಬೇಕು, ದ್ವೀಪಗಳ ಇತಿಹಾಸವೂ ತಿಳಿಯಬೇಕು ಎಂದು ಬರೆದಿದ್ದೀಯ. ತಿಂಗಳು ಸರಿಯಾಗಿಯೇ ಆರಿಸಿದ್ದೀಯ. ಆದರೆ ರೈಲಿನ ಟಿಕೆಟ್ ತೆಗೆಸುವ ಮುಂಚೆ ಭರತ-ಇಳಿತದ ಪಟ್ಟಿ ನೋಡು ಮಾರಾಯ. ಇಲ್ಲಿ ದಿನ ನಡೆಯುವುದು ನೀರಿನ ಗಡಿಯಾರದಂತೆ.

ಬೆಳಗ್ಗೆ ಆರರ ಸುಮಾರಿಗೆ ಇಳಿತ ಮುಗಿದು, ಹನ್ನೊಂದು-ಹನ್ನೆರಡಕ್ಕೆ ತುಂಬು ಭರತ ಬರುವ ದಿನ ಬೇಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಹೀಗಿರುತ್ತದೆ. ಮುಂದೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇಂಥ ದಿನವೇ ಬೇಕೆನ್ನಲು ಕಾರಣ ಎರಡು. ಕಾಳಿ ಹೊಳೆಯ ಅಳಿವೆಯಲ್ಲಿ ಮರಳ ದಿಬ್ಬಗಳಿವೆ. ಇಳಿತದ ಹೊತ್ತಿನಲ್ಲಿ ಹೊರಗೆ ನುಗ್ಗುವ ಹೊಳೆನೀರಿಗೆ ಎದುರಿನಿಂದ ಬರುವ ಕಡಲಲೆ ಢಿಕ್ಕಿ ಹೊಡೆದು, ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ದೋಣಿ ಕುಕ್ಕುವುದು ಅಲ್ಲೇ. ಇನ್ನೊಂದು, ನೀರು ತೀರ ಇಳಿದಾಗ ಕೂರ್ಮಗಡ ದ್ವೀಪದಲ್ಲಿ ಪಾಚಿ ಹಿಡಿದ ಬಂಡೆಗಳು ಮೇಲೆದ್ದು ದೋಣಿ ದಡಕ್ಕೆ ಸೇರುವುದಿಲ್ಲ. ಏಳಕ್ಕೆ ಹೊರಟರೆ ಹನ್ನೆರಡರೊಳಗೆ ವಾಪಸಾಗಬಹುದು. ಅಷ್ಟು ಹೊತ್ತಿಗೆ ಕಡಲಗಾಳಿ ಜೋರಾಗತೊಡಗುತ್ತದೆ, ನೀರು ಕದಡುತ್ತದೆ. ಹೊಟ್ಟೆ ತೊಳಸುವ ಮಕ್ಕಳಿಗೆ ಎರಡು ಇಡ್ಲಿ ಮಾತ್ರ ಕೊಡು, ದೋಣಿಯ ನಡುವೆ ಕೂರಿಸು, ದೂರದಲ್ಲಿ ಕಡಲು-ಬಾನು ಕೂಡುವ ಅಂಚನ್ನೇ ನೋಡುತ್ತಿರಲಿ.

ಮೊದಲು ಡಾಲ್ಫಿನ್. ಗಾಳಿ ಏಳುವ ಮುಂಚಿನ ನೀರು ಕನ್ನಡಿಯ ಹಾಗಿರುವುದರಿಂದ ಬೆನ್ನು ಮೇಲೆದ್ದದ್ದು ದೂರಕ್ಕೇ ಕಾಣುತ್ತದೆ. ಇಲ್ಲಿ ಸಾಮಾನ್ಯವಾಗಿ ಸಿಗುವುದು ಗೂನುಬೆನ್ನಿನ ಡಾಲ್ಫಿನ್. ಬೂದುಬಣ್ಣ, ಬೆನ್ನಿನ ಮೇಲೊಂದು ಉದ್ದನೆಯ ದಿಣ್ಣೆ, ಅದರ ತುದಿಗೆ ಚಿಕ್ಕ ರೆಕ್ಕೆ. ಆಳಸಮುದ್ರದ ಪ್ರಾಣಿಯಲ್ಲ ಇದು, ದಡದ ಹತ್ತಿರದ ಆಳವಿಲ್ಲದ ನೀರು, ಅಳಿವೆಯ ಮೀನು ಇದಕ್ಕೆ ಬೇಕು. ಉಸಿರಿಗೆ ಮೇಲೆ ಬಂದಾಗ ಮೊದಲು ಉದ್ದ ಮೂತಿ ಕಾಣುತ್ತದೆ, ಆಮೇಲೆ ದಿಣ್ಣೆ. ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಬಾಲ ಎತ್ತಿದರೆ ಆಳಕ್ಕೆ ಹೋಯಿತು, ಕೆಲವು ನಿಮಿಷ ಬರುವುದಿಲ್ಲ ಎಂದರ್ಥ.

ಕೆಡುವುದು ಇಲ್ಲೇ. ಡಾಲ್ಫಿನ್ ಕಂಡ ಕೂಡಲೇ ಪ್ರವಾಸಿಗರು ಅಟ್ಟಿಸಿಕೊಂಡು ಹೋಗಿ ಎನ್ನುತ್ತಾರೆ, ದೋಣಿ ನಡೆಸುವ ತಾಂಡೇಲನೂ ಬಾಡಿಗೆಯ ಚಿಂತೆಯಿಂದ ಎಂಜಿನ್ ಏರಿಸುತ್ತಾನೆ. ಅವು ಹೆದರಿ ನೀರಡಿಯಲ್ಲೇ ಹೆಚ್ಚು ಹೊತ್ತು ಉಳಿಯುತ್ತವೆ, ಮರಿಯಿದ್ದರೆ ತಾಯಿಯಿಂದ ಬೇರಾಗುತ್ತದೆ. ಆದ್ದರಿಂದ ದೋಣಿ ಹತ್ತುವ ಮುಂಚೆಯೇ ತಾಂಡೇಲನಿಗೆ ಹೇಳಿಬಿಡು: ಡಾಲ್ಫಿನ್ ಕಾಣದಿದ್ದರೂ ಪೂರ್ತಿ ಬಾಡಿಗೆ ಕೊಡುತ್ತೇವೆ. ಈ ಒಂದು ಮಾತಿನಿಂದ ಅರ್ಧ ಸಮಸ್ಯೆ ತೀರುತ್ತದೆ. ಕನಿಷ್ಠ 50 ಮೀಟರ್ ದೂರದಲ್ಲಿ, ಅವು ಹೋಗುವ ದಿಕ್ಕಿಗೆ ಸಮವಾಗಿ ನಿಧಾನಕ್ಕೆ ಸಾಗಲಿ, ಎದುರಿಗೆ ಅಡ್ಡ ಹಾಕುವುದು ಬೇಡ. ಹದಿನೈದು ನಿಮಿಷ ನೋಡಿ ಬಿಟ್ಟುಬಿಡಿ. ಎಲ್ಲರೂ ಒಂದೇ ಬದಿಗೆ ಓಡಬಾರದು. ಚಿಕ್ಕ ದೋಣಿ ವಾಲಲು ಅಷ್ಟೇ ಸಾಕು.

ಕೂರ್ಮಗಡ ಆಮೆಯ ಬೆನ್ನಿನ ಹಾಗೆ ಕಾಣುತ್ತದೆ. ಮೇಲೆ ನರಸಿಂಹ ದೇವರ ಗುಡಿಯಿದೆ. ಪುಷ್ಯ ಹುಣ್ಣಿಮೆಯ ಜಾತ್ರೆಗೆ ಮೀನುಗಾರರು ದೋಣಿಗಳನ್ನು ಸಿಂಗರಿಸಿ ಬರುತ್ತಾರೆ, ಬಾಳೆಗೊನೆ ಹರಕೆ ಒಪ್ಪಿಸುತ್ತಾರೆ. ದ್ವೀಪದಲ್ಲಿ ಇಳಿಯಬಹುದೇ ಎಂದು ಹಿಂದಿನ ದಿನವೇ ಕೇಳಿಕೊ. ಒಬ್ಬೊಬ್ಬರಿಗೆ ಎರಡು ಲೀಟರ್ ಲೆಕ್ಕದಲ್ಲಿ ನೀರು ಹೊತ್ತೇ ಹೋಗಬೇಕು. ಬಂಡೆಗೆ ಅಂಟಿದ ಕಲ್ವದ (ಸಿಂಪಿಯ) ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ, ಬರಿಗಾಲು ಬೇಡ, ಹಿಂಬದಿ ಪಟ್ಟಿಯಿರುವ ಚಪ್ಪಲಿಯೇ ಆಗಬೇಕು.

ಎತ್ತರದ ಮರಗಳನ್ನು ದೂರದಿಂದಲೇ ಗಮನಿಸು. ಬಿಳಿಹೊಟ್ಟೆಯ ಕಡಲಹದ್ದು ಕಡ್ಡಿಗಳ ದೊಡ್ಡ ಗೂಡು ಕಟ್ಟಿ ವರ್ಷ ವರ್ಷ ಅದನ್ನೇ ದುರಸ್ತಿ ಮಾಡಿ ಬಳಸುತ್ತದೆ. ಹಾರುವಾಗ ರೆಕ್ಕೆಗಳನ್ನು ಇಂಗ್ಲಿಷಿನ ವಿ ಅಕ್ಷರದಂತೆ ಎತ್ತಿ ಹಿಡಿದಿರುತ್ತದೆ, ಬಾಲ ಬೆಣೆಯಾಕಾರ. ಡಿಸೆಂಬರಿನಲ್ಲಿ ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಇರಬಹುದು. ನಾವು ಹತ್ತಿರ ಹೋಗಿ ತಾಯಿ ಎದ್ದುಹೋದರೆ ಕಾಗೆ, ಗರುಡಗಳಿಗೆ ದಾರಿ ಬಿಟ್ಟಂತೆ. ದುರ್ಬೀನು 8x42 ತಾ, ಅಂದರೆ ಎಂಟು ಪಟ್ಟು ದೊಡ್ಡದು ಮಾಡುವುದು. ಹತ್ತು ಪಟ್ಟು ದೊಡ್ಡದು ಮಾಡುವುದರಲ್ಲಿ ದೋಣಿಯ ಅಲುಗಾಟವೂ ಹತ್ತು ಪಟ್ಟಾಗುತ್ತದೆ.

ಅಲ್ಲಿಂದ ದೇವಗಡ ದ್ವೀಪ. 1864ರಿಂದ ಬೆಳಗುತ್ತಿರುವ ದೀಪಸ್ತಂಭವನ್ನು ದೋಣಿಯಿಂದಲೇ ನೋಡಿದರೆ ಸಾಕು. ಅಲ್ಲಿ ದಕ್ಷಿಣಕ್ಕೆ ತಿರುಗಿ ನಿಂತು ಅಂಜದೀವ ದ್ವೀಪದ ಕಥೆ ಹೇಳು. ಅದು ಈಗ ಐಎನ್‌ಎಸ್ ಕದಂಬ ನೌಕಾನೆಲೆಯ ಪಹರೆಯಲ್ಲಿದೆ, ಹತ್ತಿರ ಹೋಗುವಂತಿಲ್ಲ, ಆ ಕಡೆ ಕ್ಯಾಮೆರಾ ಹಿಡಿಯುವುದೂ ಬೇಡ. 1498ರಲ್ಲಿ ವಾಸ್ಕೋ ಡ ಗಾಮಾ ಮರಳುವ ದಾರಿಯಲ್ಲಿ ಅಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಕೋಟೆ ಕಟ್ಟಿಸಿದ, ಮರುವರ್ಷವೇ ಪೋರ್ಚುಗೀಸರು ಅದನ್ನು ಕೆಡವಿ ಹೋದರು. ಮುಂಬಯಿಯನ್ನು ಇಂಗ್ಲಿಷರಿಗೆ ಬಿಟ್ಟುಕೊಡಲು ಪೋರ್ಚುಗೀಸ್ ವೈಸರಾಯ್ ಒಪ್ಪದಿದ್ದಾಗ ಇಂಗ್ಲಿಷ್ ಸೇನಾನಿ ಅಬ್ರಹಾಂ ಶಿಪ್‌ಮನ್‌ನ ಪಡೆ ಕಾದು ಕೂತದ್ದು ಇದೇ ದ್ವೀಪದಲ್ಲಿ. ಕಾಯಿಲೆಗೆ ಅವನೂ ಸತ್ತ, ನೂರಾರು ಸೈನಿಕರೂ ಸತ್ತರು. 1665ರಲ್ಲಿ ಮುಂಬಯಿ ಕೈಗೆ ಬಂದಾಗ ಉಳಿದದ್ದು ಸುಮಾರು 100 ಮಂದಿ. 1961ರ ಡಿಸೆಂಬರಿನಲ್ಲಿ, ಗೋವಾ ವಿಮೋಚನೆಯ ಹೊತ್ತಿಗೆ, ಅಲ್ಲಿ ಇಳಿದ ನಮ್ಮ ನೌಕಾಪಡೆಯ 7 ಮಂದಿ ಪ್ರಾಣ ಕೊಟ್ಟರು. ಅಂಕೋಲೆಯ ಆರ್ಯಾದುರ್ಗೆ ಈ ದ್ವೀಪದಿಂದಲೇ ಬಂದವಳು ಎಂಬ ನಂಬಿಕೆಯಿದೆ. ಸಮಯ ಸಿಕ್ಕರೆ ಮಧ್ಯಾಹ್ನ ಮಕ್ಕಳನ್ನು ಆ ಗುಡಿಗೆ ಕರೆದುಕೊಂಡು ಹೋಗು.

ಕೊನೆಗೆ ಲೈಫ್ ಜಾಕೆಟ್. 2019ರ ಜನವರಿಯಲ್ಲಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 15ಕ್ಕೂ ಹೆಚ್ಚು ಜನ ತೀರಿಕೊಂಡರು. ಅದರಲ್ಲಿ ಮಕ್ಕಳೂ ಇದ್ದರು. ಇಪ್ಪತ್ತು ಮಕ್ಕಳನ್ನು ಒಂದೇ ದೋಣಿಗೆ ತುಂಬಿಸಬೇಡ, ಎರಡು ದೋಣಿ ಮಾಡು. ಸೀಟಿನಡಿ ಇಟ್ಟ ಜಾಕೆಟ್ಟಿನಿಂದ ಉಪಯೋಗವಿಲ್ಲ, ದಡದಲ್ಲೇ ತೊಡಿಸಬೇಕು. ತೊಡಿಸಿದ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡು. ಗಲ್ಲ, ಕಿವಿಯವರೆಗೆ ಬಂದರೆ ಅದು ಆ ಮಗುವಿಗೆ ದೊಡ್ಡದು. ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮಗು ಅದರಿಂದ ಜಾರಿ ಕೆಳಗೆ ಹೋಗುತ್ತದೆ. ಕಾಲಸಂದಿಯಿಂದ ಕಟ್ಟುವ ಪಟ್ಟಿಯಿರುವ ಜಾಕೆಟ್ಟೇ ಬೇಕೆಂದು ಕೇಳು.

ಮಕ್ಕಳ ಜಾಕೆಟ್ ತೂಕದ ಲೆಕ್ಕದಲ್ಲಿ ಬರುತ್ತದೆ, ಎಲ್ಲ ದೋಣಿಯವರ ಬಳಿಯೂ ಇರುವುದಿಲ್ಲ. ಈ ವಾರದೊಳಗೆ ಇಪ್ಪತ್ತೂ ಮಕ್ಕಳ ತೂಕ ಬರೆದು ಕಳಿಸು, ತಾಂಡೇಲನಿಗೆ ಮುಂಚೆಯೇ ಮುಟ್ಟಿಸಬೇಕು.

ಇತಿ,
ನಿನ್ನ ಗೆಳೆಯ